ಅನುರೂಪ ಕೋನಗಳಿಗೆ ಸಾಧನೆ ಯಾಕಿಲ್ಲ?

ನಾನು ಬಾಡಿಗೆಗಿರುವ ಮನೆಯ ಮಾಲೀಕರ ಮಗಳು ಒಂಬತ್ತನೇ ತರಗತಿಯಲ್ಲಿ ಓದುತ್ತಾಳೆ. ನನ್ನ ಪಿಎಚ್‌.ಡಿ. ಗಣಿತದ ಇತಿಹಾಸದ ಮೇಲೆ ಎಂದು ಅವಳಮ್ಮನಿಗೆ ಒಮ್ಮೆ ಹೇಳಿದ್ದೆ. ಅವರಿಗೆ ‘ಗಣಿತ’ ಮಾತ್ರ ಕೇಳಿಸಿತು. ಅಂದಿನಿಂದ ಪ್ರತಿ ಭಾನುವಾರ ಸಂಜೆ ಹುಡುಗಿ ಪುಸ್ತಕ ಹಿಡಿದು ಮಹಡಿ ಹತ್ತಿ ಬರುತ್ತಾಳೆ. ಹೋದ ತಿಂಗಳು ‘ರೇಖೆಗಳು ಮತ್ತು ಕೋನಗಳು’ ಪಾಠ ನಡೆಯುತ್ತಿತ್ತು. ಅದು ಅವಳ ಚಿಕ್ಕಪ್ಪನ ಮಗನಿಂದ ಬಂದ ಹಳೆಯ ಪುಸ್ತಕ, ಅಂಚಿನ ತುಂಬ ಯಾರದೋ ಕ್ರಿಕೆಟ್ ಸ್ಕೋರು. ಒಂದು ಪುಟದಲ್ಲಿ ಬೆರಳಿಟ್ಟು ಕೇಳಿದಳು:

“ಅಕ್ಕಾ, ಶೃಂಗಾಭಿಮುಖ ಕೋನಗಳು ಸಮ ಅನ್ನೋದಕ್ಕೆ ಸಾಧನೆ ಕೊಟ್ಟಿದಾರೆ. ಅನುರೂಪ ಕೋನಗಳು ಸಮ ಅನ್ನೋದಕ್ಕೆ ಬರೀ ಸ್ವಯಂಸಿದ್ಧ ಅಂತ ಹಾಕಿ ಬಿಟ್ಬಿಟ್ಟಿದಾರೆ. ಅದ್ಯಾಕೆ?”

ಶಾಲೆ ಬಿಟ್ಟು ಬಹಳ ದಿನವಾದವರಿಗೆ ಸ್ವಲ್ಪ ನೆನಪು ಮಾಡಿಕೊಡುತ್ತೇನೆ. ಗೆರೆ ಹಾಕಿದ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಅದರ ಎರಡು ಗೆರೆಗಳನ್ನು ದಾಟುವಂತೆ ಸ್ಕೇಲು ಓರೆಯಾಗಿಟ್ಟು ಒಂದು ಗೀಟು ಎಳೆಯಿರಿ. ಆ ಓರೆ ಗೀಟೇ ಛೇದಕ. ಅದು ಮೇಲಿನ ಗೆರೆಯನ್ನು ದಾಟುವಲ್ಲಿ ನಾಲ್ಕು ಕೋನ, ಕೆಳಗಿನದನ್ನು ದಾಟುವಲ್ಲಿ ಇನ್ನು ನಾಲ್ಕು. ಒಂದೇ ದಾಟಿನಲ್ಲಿ ಎದುರುಬದುರಾಗಿ ಕೂತವು ಶೃಂಗಾಭಿಮುಖ ಕೋನಗಳು. ಮೇಲಿನ ದಾಟಿನ ಬಲಮೂಲೆಯದು ಮತ್ತು ಕೆಳಗಿನ ದಾಟಿನ ಬಲಮೂಲೆಯದು, ಹೀಗೆ ಒಂದೇ ಜಾಗದಲ್ಲಿ ಕೂತವು ಅನುರೂಪ ಕೋನಗಳು. ಎರಡು ಗೆರೆಗಳ ನಡುವೆ, ಛೇದಕದ ಒಂದೇ ಪಕ್ಕದಲ್ಲಿರುವ ಎರಡು ಒಳಕೋನಗಳನ್ನು ಕೂಡಿದರೆ 180 ಡಿಗ್ರಿ. ಪರೀಕ್ಷೆಗೆ ಇಷ್ಟು ಸಾಕು. ಎಂಟು ಕೋನಗಳಲ್ಲಿ ಒಂದು ಗೊತ್ತಾದರೆ ಉಳಿದ ಏಳೂ ಸಿಕ್ಕಿಬಿಡುತ್ತವೆ.

ಶೃಂಗಾಭಿಮುಖ ಕೋನಗಳ ಸಾಧನೆ ಎರಡು ಸಾಲಿನದು. ಪಕ್ಕದ ಕೋನದ ಜೊತೆ ಸೇರಿದರೆ ಇದೂ 180, ಎದುರಿನದೂ ಅದೇ ಪಕ್ಕದ ಕೋನದ ಜೊತೆ ಸೇರಿದರೆ 180, ಆದ್ದರಿಂದ ಇವೆರಡೂ ಸಮ. ಇದನ್ನು ಮೊದಲು ಗಮನಿಸಿದವನು ಮಿಲೆಟಸ್‌ನ ಥೇಲ್ಸ್ ಎಂದು ಹಳೆಯ ಗ್ರೀಕ್ ಲೇಖಕರು ಹೇಳುತ್ತಾರೆ. ಅನುರೂಪ ಕೋನಗಳದೂ ಇಷ್ಟೇ ಸುಲಭದ ಮಾತು ಎಂದು ಚಿತ್ರ ನೋಡಿದರೆ ಅನಿಸುತ್ತದೆ. ಹುಡುಗಿಗೆ ಅನಿಸಿದ್ದೂ ಅದೇ. ಆದರೆ ಆ ಇನ್ನೆರಡು ಸಾಲನ್ನು ಹುಡುಕುವುದರಲ್ಲಿ ಸುಮಾರು ಎರಡು ಸಾವಿರ ವರ್ಷ ಹೋಯಿತು. ಸಿಗಲಿಲ್ಲ. ಸಿಗುವುದೂ ಇಲ್ಲ.

ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ ಯೂಕ್ಲಿಡ್ ‘ಎಲಿಮೆಂಟ್ಸ್’ ಎಂಬ 13 ಭಾಗಗಳ ಗ್ರಂಥ ಬರೆದ. ಮೊದಲ ಭಾಗದಲ್ಲಿ 23 ವ್ಯಾಖ್ಯೆಗಳು, ಐದು ಆಧಾರ ಪ್ರತಿಜ್ಞೆಗಳು, ಎಲ್ಲ ಅಳತೆಗಳಿಗೂ ಅನ್ವಯಿಸುವ ಕೆಲವು ಸಾಮಾನ್ಯ ಸಂಗತಿಗಳು, ಆಮೇಲೆ 48 ಪ್ರಮೇಯಗಳು. ಅವನಲ್ಲಿ ಡಿಗ್ರಿಯ ಲೆಕ್ಕವೇ ಇಲ್ಲ. 180 ಎನ್ನುವಲ್ಲಿ ಅವನು ‘ಎರಡು ಲಂಬಕೋನ’ ಎನ್ನುತ್ತಾನೆ. (ನಮ್ಮ 360 ಡಿಗ್ರಿ ಬ್ಯಾಬಿಲೋನಿನವರ ಅರವತ್ತರ ಎಣಿಕೆಯಿಂದ ಬಂದದ್ದು, ಅದು ಬೇರೆಯೇ ಕಥೆ.)

ಮೊದಲ ನಾಲ್ಕು ಪ್ರತಿಜ್ಞೆಗಳ ಬಗ್ಗೆ ಯಾರದೂ ಹೆಚ್ಚು ತಕರಾರಿರಲಿಲ್ಲ. ಎರಡು ಬಿಂದುಗಳ ನಡುವೆ ಗೆರೆ ಎಳೆಯಬಹುದು, ಗೆರೆಯನ್ನು ಮುಂದಕ್ಕೆ ಬೆಳೆಸಬಹುದು, ಎಲ್ಲಿ ಬೇಕಾದರೂ ಎಷ್ಟು ಬೇಕಾದರೂ ದೊಡ್ಡ ವೃತ್ತ ರಚಿಸಬಹುದು, ಲಂಬಕೋನಗಳೆಲ್ಲ ಒಂದಕ್ಕೊಂದು ಸಮ. ಐದನೆಯದರ ಉದ್ದವೇ ಬೇರೆ. ಒಂದು ಛೇದಕ ಎರಡು ಗೆರೆಗಳನ್ನು ದಾಟುವಾಗ ಒಂದು ಪಕ್ಕದ ಒಳಕೋನಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆ ಇದ್ದರೆ, ಆ ಗೆರೆಗಳನ್ನು ಬೆಳೆಸುತ್ತ ಹೋದಾಗ ಅವು ಅದೇ ಪಕ್ಕದಲ್ಲಿ ಎಲ್ಲೋ ಒಂದು ಕಡೆ ಕೂಡುತ್ತವೆ. ಇದು ಅದರ ಸಾರ. ‘ಒಪ್ಪಿಕೊಳ್ಳಿ’ ಎಂದು ಕೇಳಿಕೊಳ್ಳುವ ಮಾತಿಗಿಂತ ಸಾಧಿಸಿ ತೋರಿಸಬೇಕಾದ ಪ್ರಮೇಯದಂತೆ ಇದು ಕಾಣುತ್ತದೆ.

ಯೂಕ್ಲಿಡ್ ಈ ಐದನೆಯದನ್ನು ಬಳಸಿರುವ ರೀತಿ ನನಗೆ ಅವನ ಇಡೀ ಗ್ರಂಥದಲ್ಲೇ ಇಷ್ಟವಾದದ್ದು. ಮೊದಲ 28 ಪ್ರಮೇಯಗಳವರೆಗೆ ಅವನು ಅದನ್ನು ಮುಟ್ಟುವುದೇ ಇಲ್ಲ. ಹದಿನೈದನೆಯದು ಶೃಂಗಾಭಿಮುಖ ಕೋನಗಳದು. ಹದಿನಾರನೆಯದರಲ್ಲಿ, ತ್ರಿಭುಜದ ಹೊರಕೋನ ಅದರ ಎದುರಿನ ಎರಡು ಒಳಕೋನಗಳಲ್ಲಿ ಪ್ರತಿಯೊಂದಕ್ಕಿಂತಲೂ ದೊಡ್ಡದು ಎಂದು ತೋರಿಸುತ್ತಾನೆ. ಅದರ ಬಲದ ಮೇಲೆ 27 ಮತ್ತು 28ರಲ್ಲಿ, ಪರ್ಯಾಯ ಕೋನಗಳಾಗಲಿ ಅನುರೂಪ ಕೋನಗಳಾಗಲಿ ಸಮವಿದ್ದರೆ ಗೆರೆಗಳು ಸಮಾಂತರ ಎಂದು ಸಾಧಿಸುತ್ತಾನೆ. ವಾದ ಸರಳ. ಆ ಗೆರೆಗಳು ಎಲ್ಲೋ ಕೂಡುತ್ತವೆ ಎಂದುಕೊಳ್ಳಿ. ಆಗ ಛೇದಕವೂ ಸೇರಿ ಒಂದು ತ್ರಿಭುಜವಾಯಿತು. ಅದರ ಹೊರಕೋನ ಎದುರಿನ ಒಳಕೋನಕ್ಕೆ ಸಮವಾಗಿ ಕೂತಿದೆ. ಅದು ಹದಿನಾರನೆಯ ಪ್ರಮೇಯದ ಪ್ರಕಾರ ಆಗದ ಮಾತು. ಆದ್ದರಿಂದ ಅವು ಕೂಡುವುದಿಲ್ಲ.

ಇದೇ ಮಾತನ್ನು ತಿರುಗಿಸಿ ಹೇಳುವುದು 29ನೆಯ ಪ್ರಮೇಯ. ಗೆರೆಗಳು ಸಮಾಂತರವಾಗಿದ್ದರೆ ಕೋನಗಳು ಸಮ. ಇಲ್ಲಿ ಅವನಿಗೆ ಬೇರೆ ದಾರಿ ಉಳಿಯುವುದಿಲ್ಲ, ಅಷ್ಟು ಹೊತ್ತು ಪಕ್ಕಕ್ಕಿಟ್ಟಿದ್ದ ಐದನೆಯ ಪ್ರತಿಜ್ಞೆಯನ್ನು ಮೊದಲ ಸಲ ಕೈಗೆತ್ತಿಕೊಳ್ಳುತ್ತಾನೆ. ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನ ಎಂಬ 32ನೆಯ ಪ್ರಮೇಯ ಬರುವುದು ಅದರ ನಂತರವೇ. ಪೈಥಾಗೊರಸ್ ಪ್ರಮೇಯವೆಂದು ನಾವು ಕರೆಯುವ 47ನೆಯದೂ ಅಷ್ಟೇ.

ಹುಡುಗಿಯ ಪುಸ್ತಕದಲ್ಲಿ ಈ ಎರಡೂ ಮಾತುಗಳು, ‘ಕೋನ ಸಮವಾದರೆ ಸಮಾಂತರ’ ಮತ್ತು ‘ಸಮಾಂತರವಾದರೆ ಕೋನ ಸಮ’, ಒಂದರ ಕೆಳಗೊಂದು ಸ್ವಯಂಸಿದ್ಧ ಎಂಬ ಹಣೆಪಟ್ಟಿ ಹೊತ್ತು ಕೂತಿದ್ದವು. ನಾನೂ ಅವೆರಡನ್ನು ಹಾಗೇ ಬಾಯಿಪಾಠ ಮಾಡಿದವಳು. ಒಂದಕ್ಕೆ ಸಾಧನೆ ಇದೆ, ಇನ್ನೊಂದಕ್ಕೆ ಇಲ್ಲ ಎಂದು ಗೊತ್ತಾಗಿದ್ದು ಎಂ.ಎಸ್ಸಿ. ಮುಗಿದ ಮೇಲೆ. ಚಿಕ್ಕ ಮಕ್ಕಳಿಗೆ ಇದೆಲ್ಲ ಹೊರೆಯಾಗುತ್ತದೆಂದು ಪುಸ್ತಕ ಬರೆದವರು ಯೋಚಿಸಿರಬಹುದು. ಅದು ನ್ಯಾಯವೇ ಇರಬಹುದು. ಆದರೂ ಒಂದು ಸಾಲಿನ ಟಿಪ್ಪಣಿಗಾದರೂ ಜಾಗ ಇರಬೇಕಿತ್ತು.

ಐದನೆಯದು ಕಣ್ಣಿಗೆ ಅಷ್ಟು ಸ್ಪಷ್ಟವಿರುವಾಗ ಸಂಶಯ ಯಾಕೆ? ಒಂದು ಲೆಕ್ಕ ನೋಡಿ. ನೆಲದ ಮೇಲೆ ಒಂದು ಮೀಟರ್ ಉದ್ದದ ಛೇದಕ. ಅದರ ಒಂದು ತುದಿಯಿಂದ ಸರಿಯಾಗಿ ಲಂಬವಾಗಿ ಒಂದು ಗೆರೆ. ಇನ್ನೊಂದು ತುದಿಯ ಗೆರೆ ಲಂಬಕ್ಕಿಂತ ಒಂದೇ ಒಂದು ಸೆಕೆಂಡಿನಷ್ಟು, ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲಿನಷ್ಟು, ಒಳಗೆ ವಾಲಿದೆ. ಯೂಕ್ಲಿಡ್‌ನ ಪ್ರಕಾರ ಇವು ಕೂಡಲೇಬೇಕು. ಕೂಡುವುದು ಸುಮಾರು 206 ಕಿಲೋಮೀಟರ್ ಆಚೆ. ನೆಲ ಚಪ್ಪಟೆ ಎಂದುಕೊಂಡು ಬೆಂಗಳೂರಿನಿಂದ ವಾಯವ್ಯಕ್ಕೆ ಎಳೆಯುತ್ತ ಹೋದರೆ ಚಿತ್ರದುರ್ಗ ದಾಟಿದ ಮೇಲೆ. ವಾಲಿದ್ದು ಸೆಕೆಂಡಿನ ಸಾವಿರದ ಒಂದು ಪಾಲಾದರೆ ಎರಡು ಲಕ್ಷ ಕಿಲೋಮೀಟರ್‌ಗೂ ಹೆಚ್ಚು, ಹೆಚ್ಚುಕಡಿಮೆ ಚಂದ್ರನ ಅರ್ಧ ದಾರಿ. ಅಲ್ಲಿಗೆ ಹೋಗಿ ನೋಡಿ ಬಂದವರು ಯಾರು? ನಮ್ಮ ಕಣ್ಣು ಒಪ್ಪುವುದು ಕಾಗದದ ಅಂಗೈಯಗಲ ಜಾಗದಲ್ಲಿ ನಡೆಯುವುದನ್ನು ಮಾತ್ರ.

ಐದನೆಯ ಶತಮಾನದ ಪ್ರೋಕ್ಲಸ್ ಯೂಕ್ಲಿಡ್‌ನ ಮೊದಲ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತ, ಇದನ್ನು ಪ್ರತಿಜ್ಞೆಗಳ ಪಟ್ಟಿಯಿಂದ ತೆಗೆದುಹಾಕಬೇಕು, ಇದು ಪ್ರಮೇಯ ಎಂದ. ಟಾಲೆಮಿ ಕೊಟ್ಟಿದ್ದ ಸಾಧನೆಯ ತಪ್ಪು ತೋರಿಸಿ ತನ್ನದೊಂದನ್ನು ಕೊಟ್ಟ. ಅದರಲ್ಲೂ ತಪ್ಪಿತ್ತು. ಮುಂದಿನವರದೆಲ್ಲ ಹೆಚ್ಚುಕಡಿಮೆ ಇದೇ ಪಾಡು. ಹಿಂದಿನವನ ಸಾಧನೆಯಲ್ಲಿ ಐದನೆಯ ಪ್ರತಿಜ್ಞೆಯೇ ವೇಷ ಮರೆಸಿಕೊಂಡು ಕೂತಿರುವುದನ್ನು ಕಂಡುಹಿಡಿಯುವುದು, ತನ್ನದರಲ್ಲಿ ಅದು ಇನ್ನೊಂದು ವೇಷದಲ್ಲಿ ಕೂತಿರುವುದನ್ನು ಕಾಣದೇ ಹೋಗುವುದು.

ಈ ಸಾಲಿನಲ್ಲಿ ಕನ್ನಡದ ಓದುಗರಿಗೆ ಪರಿಚಯದ ಒಬ್ಬರಿದ್ದಾರೆ. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯ ಉಮರ, ನಿಶಾಪುರದ ಉಮರ್ ಖಯ್ಯಾಮ್. ಪದ್ಯಗಳಿಂದ ಅವನನ್ನು ಬಲ್ಲವರಿಗೆ ಅವನು 1077ರಲ್ಲಿ ಯೂಕ್ಲಿಡ್‌ನ ಗ್ರಂಥದ ತೊಡಕುಗಳ ಬಗ್ಗೆ ಒಂದು ಗಣಿತಗ್ರಂಥ ಬರೆದ ಎಂದರೆ ಸ್ವಲ್ಪ ಆಶ್ಚರ್ಯವಾದೀತು. ಅವನು ಒಂದು ಅಡಿಗೆರೆಯ ಎರಡೂ ತುದಿಗಳಲ್ಲಿ ಸಮ ಎತ್ತರದ ಎರಡು ಲಂಬಗಳನ್ನು ಎಬ್ಬಿಸಿದ. ಮೇಲಿನ ತುದಿಗಳನ್ನು ಸೇರಿಸಿದ. ಮೇಲಿನ ಎರಡು ಕೋನಗಳು ಒಂದಕ್ಕೊಂದು ಸಮ ಎಂದು ಐದನೆಯದರ ಹಂಗಿಲ್ಲದೆ ತೋರಿಸಬಹುದು. ಆದರೆ ಅವು ಲಂಬಕೋನಗಳೇ? ಅದಕ್ಕಿಂತ ಕಿರಿದೇ? ಹಿರಿದೇ? ನಾವೆಲ್ಲ ಕಣ್ಣುಮುಚ್ಚಿ ‘ಆಯತ’ ಎನ್ನುವ ಆಕೃತಿಯ ಮುಂದೆ ನಿಂತು ಅವನು ಈ ಮೂರು ಪ್ರಶ್ನೆ ಕೇಳಿದ. ಕಿರಿದು, ಹಿರಿದು ಎರಡನ್ನೂ ತಳ್ಳಿಹಾಕಿದೆನೆಂದು ನಂಬಿದ.

ಹದಿಮೂರನೆಯ ಶತಮಾನದಲ್ಲಿ ನಸೀರುದ್ದೀನ್ ತೂಸಿ ಇದನ್ನು ಮುಂದುವರಿಸಿದ. ಅವನು ಅರಬ್ಬಿಯಲ್ಲಿ ಪರಿಷ್ಕರಿಸಿದ ಯೂಕ್ಲಿಡ್ ನಮ್ಮ ದೇಶಕ್ಕೂ ಬಂತು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಾಮ್ರಾಟ ಅದನ್ನು ಸಂಸ್ಕೃತಕ್ಕೆ ತಂದ. ಅವನು ಅದಕ್ಕಿಟ್ಟ ಹೆಸರು ‘ರೇಖಾಗಣಿತ’. ನಮ್ಮ ಶಾಲೆಗಳಲ್ಲಿ ಇವತ್ತಿಗೂ ಓಡಾಡುವ ಹೆಸರು.

ಖಯ್ಯಾಮನ ಆಕೃತಿಯನ್ನೇ 1733ರಲ್ಲಿ ಇಟಲಿಯ ಜೆಸುಯಿಟ್ ಪಾದ್ರಿ ಸಕೇರಿ ಮತ್ತೆ ಬಿಡಿಸಿದ. ಯೂಕ್ಲಿಡ್‌ನನ್ನು ಸಕಲ ಕಳಂಕಗಳಿಂದ ಮುಕ್ತಗೊಳಿಸುತ್ತೇನೆ ಎನ್ನುವುದು ಅವನ ಪುಸ್ತಕದ ಹೆಸರಿನ ಭಾವ. ಹಿರಿದಾದ ಕೋನದ ಊಹೆ ಬೇಗನೆ ವಿರೋಧಕ್ಕೆ ಸಿಕ್ಕಿತು. ಕಿರಿದಾದ ಕೋನದ ಊಹೆ ಮಾತ್ರ ಸಿಗಲೊಲ್ಲದು. ಅದರ ಬೆನ್ನುಹತ್ತಿ ಪುಟಗಟ್ಟಲೆ ಹೋದ. ವಿಚಿತ್ರವಾದ ಪ್ರಮೇಯಗಳು ಒಂದಾದ ಮೇಲೊಂದು ಬಂದವು, ವಿರೋಧ ಮಾತ್ರ ಬರಲಿಲ್ಲ. ಕೊನೆಗೆ, ಇದು ಸರಳರೇಖೆಯ ಸ್ವಭಾವಕ್ಕೇ ಸಲ್ಲದ್ದು ಎಂದು ಹೇಳಿ ಮುಗಿಸಿದ. ಅದೇ ವರ್ಷ ತೀರಿಕೊಂಡ. ಒಂದು ಹೊಸ ರೇಖಾಗಣಿತದ ಅಂಗಳದಲ್ಲೆಲ್ಲ ಓಡಾಡಿ, ಇದು ಮನೆಯೇ ಅಲ್ಲ ಎಂದು ಬಾಗಿಲು ಹಾಕಿಕೊಂಡು ಹೋದವನು ಅವನು.

ಆ ಬಾಗಿಲು ತೆರೆದದ್ದು ಒಂದು ತಂದೆ-ಮಗನ ಕಥೆ. ಈ ಪ್ರಬಂಧ ಬರೆಯಲು ನನ್ನನ್ನು ಕೂರಿಸಿದ್ದೂ ಅದೇ.

ಫರ್ಕಾಶ್ ಬೋಯಾಯ್ ಟ್ರಾನ್ಸಿಲ್ವೇನಿಯಾದ ಮಾರೋಶ್ವಾಶಾರ್ಹೇಯ್ ಎಂಬ ಊರಿನಲ್ಲಿ ಮೇಷ್ಟ್ರು. ಊರು ಈಗ ರೊಮೇನಿಯಾದಲ್ಲಿದೆ. ಗಟಿಂಗೆನ್‌ನಲ್ಲಿ ಓದುವಾಗ ಅವನ ಗೆಳೆಯನಾಗಿದ್ದವನು ಮಹಾಗಣಿತಜ್ಞ ಗೌಸ್. ಫರ್ಕಾಶ್ ಕೂಡ ಸಮಾಂತರ ರೇಖೆಗಳ ಹುಚ್ಚು ಹಿಡಿಸಿಕೊಂಡವನು. 1804ರಲ್ಲಿ ಗೌಸ್‌ಗೆ ಒಂದು ಸಾಧನೆ ಕಳಿಸಿದ, ಗೌಸ್ ಅದರಲ್ಲಿ ದೋಷ ತೋರಿಸಿದ. 1802ರಲ್ಲಿ ಹುಟ್ಟಿದ ಮಗ ಯಾನೋಶ್ ವಿಯೆನ್ನಾದ ಸೇನಾ ಎಂಜಿನಿಯರಿಂಗ್ ಅಕಾಡೆಮಿ ಸೇರಿದ. ಹದಿನೇಳನೆಯ ವಯಸ್ಸಿನಲ್ಲಿ, ತಾನೂ ಐದನೆಯ ಪ್ರತಿಜ್ಞೆಯ ಮೇಲೆ ಕೆಲಸ ಶುರುಮಾಡಿದ್ದೇನೆಂದು ಅಪ್ಪನಿಗೆ ತಿಳಿಸಿದ.

1820ರಲ್ಲಿ ಅಪ್ಪ ಬರೆದ ಉತ್ತರ ಗಣಿತದ ಇತಿಹಾಸದಲ್ಲಿ ಹೆಸರಾದ ಕಾಗದ. ಅದು ಬೇಡಿಕೊಳ್ಳುವ ಕಾಗದ. ಆ ದಾರಿಯ ಕೊನೆಯವರೆಗೂ ತಾನು ಹೋಗಿಬಂದಿರುವುದಾಗಿಯೂ, ಅಲ್ಲಿ ತನ್ನ ಬಾಳಿನ ಬೆಳಕೆಲ್ಲ ಆರಿಹೋಯಿತೆಂದೂ ಹೇಳುತ್ತಾನೆ. ವಿಷಯಸುಖಕ್ಕೆ ಹೆದರುವಷ್ಟೇ ಇದಕ್ಕೂ ಹೆದರು, ಇದು ನಿನ್ನ ಸಮಯ, ಆರೋಗ್ಯ, ನೆಮ್ಮದಿ ಎಲ್ಲವನ್ನೂ ಕಿತ್ತುಕೊಳ್ಳಬಲ್ಲದು ಎಂದು ಎಚ್ಚರಿಸುತ್ತಾನೆ. ನನ್ನ ಪಿಎಚ್‌.ಡಿ.ಗೆ ಇದು ನಾಲ್ಕನೇ ವರ್ಷ. ಊರಿನಿಂದ ಅಪ್ಪ ಫೋನು ಮಾಡಿದಾಗಲೆಲ್ಲ ಕೊನೆಗೆ, “ಅದು ಎಲ್ಲಿಗೆ ಬಂತಮ್ಮಾ?” ಎಂದು ಕೇಳುತ್ತಾರೆ. ‘ಅದು’ ಎನ್ನುತ್ತಾರೆ, ಹೆಸರು ಹೇಳುವುದಿಲ್ಲ. ಫರ್ಕಾಶನ ಕಾಗದವನ್ನು ಮೊದಲ ಸಲ ಓದಿದಾಗ ನನಗೆ ಕೇಳಿಸಿದ್ದು ಆ ‘ಅದು’.

ಮಗ ಕೇಳಲಿಲ್ಲ. 1823ರ ನವೆಂಬರ್ 3ರಂದು ತೆಮೆಶ್ವಾರ್‌ನಿಂದ ಅಪ್ಪನಿಗೆ ಬರೆದ ಕಾಗದದಲ್ಲಿ, ತಾನು ಶೂನ್ಯದಿಂದ ಬೇರೊಂದು ಹೊಸ ಜಗತ್ತನ್ನೇ ಸೃಷ್ಟಿಸಿರುವುದಾಗಿ ಹೇಳಿಕೊಂಡ. ಆಗ ಅವನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಅವನು ಮಾಡಿದ್ದು ಇಷ್ಟು: ಐದನೆಯದನ್ನು ಸಾಧಿಸುವ ಹಟ ಬಿಟ್ಟ. ಅದು ಸುಳ್ಳಾಗಿರುವ ಜಗತ್ತೊಂದಿದ್ದರೆ ಅಲ್ಲಿ ಏನೇನಾಗುತ್ತದೆ ಎಂದು ಶಾಂತವಾಗಿ ಲೆಕ್ಕ ಹಾಕುತ್ತ ಹೋದ. ಆ ಜಗತ್ತಿನಲ್ಲಿ ಒಂದು ಗೆರೆಯ ಹೊರಗಿನ ಬಿಂದುವಿನ ಮೂಲಕ ಆ ಗೆರೆಯನ್ನು ಎಂದೂ ಸಂಧಿಸದ ಗೆರೆಗಳು ಒಂದಲ್ಲ, ಅಸಂಖ್ಯ. ಅಲ್ಲಿ 28ನೆಯ ಪ್ರಮೇಯ ನಿಲ್ಲುತ್ತದೆ, 29ನೆಯದು ಬೀಳುತ್ತದೆ. ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಕಡಿಮೆ. ತ್ರಿಭುಜ ದೊಡ್ಡದಾದಷ್ಟೂ ಕೊರತೆ ಹೆಚ್ಚು. ಹಾಗಾಗಿ ಒಂದೇ ಆಕಾರದ ಚಿಕ್ಕ ತ್ರಿಭುಜ, ದೊಡ್ಡ ತ್ರಿಭುಜ ಎಂಬುದೇ ಇಲ್ಲ. ಅಲ್ಲಿ ಜೆರಾಕ್ಸ್ ಅಂಗಡಿಯವನು ನಕಾಶೆಯನ್ನು ದೊಡ್ಡದು ಮಾಡಿಕೊಡಲಾರ, ಹಿಗ್ಗಿಸಿದೊಡನೆ ಕೋನಗಳು ಬದಲಾಗಿಬಿಡುತ್ತವೆ.

ಈಗ ಅವಸರ ಪಡಿಸಿದವನು ಅಪ್ಪ. ಕೆಲವು ವಿಚಾರಗಳಿಗೆ ಕಾಲ ಪಕ್ವವಾದಾಗ ಅವು ವಸಂತದ ನೇರಳೆ ಹೂಗಳಂತೆ ಹಲವು ಕಡೆ ಒಟ್ಟಿಗೇ ಅರಳುತ್ತವೆ, ಬೇಗ ಪ್ರಕಟಿಸು ಎಂದ. ತನ್ನ ದೊಡ್ಡ ಲ್ಯಾಟಿನ್ ಗ್ರಂಥಕ್ಕೇ ಅದನ್ನು ಅನುಬಂಧವಾಗಿ ಸೇರಿಸಿ ಗೌಸ್‌ಗೆ ಕಳಿಸಿದ. 1832ರಲ್ಲಿ ಗೌಸ್‌ನ ಉತ್ತರ ಬಂತು. ಇದನ್ನು ಹೊಗಳಲಾರೆ, ಹೊಗಳಿದರೆ ನನ್ನನ್ನೇ ಹೊಗಳಿಕೊಂಡಂತೆ, ಯಾಕೆಂದರೆ ಇದೆಲ್ಲ ಹಲವು ವರ್ಷಗಳಿಂದ ನನ್ನ ಮನಸ್ಸಿನಲ್ಲಿದ್ದದ್ದೇ ಎನ್ನುವ ಅರ್ಥದ ಕಾಗದ. ಗೌಸ್ ಸುಳ್ಳು ಹೇಳಿರಲಿಲ್ಲ, ಅವನ ಬೇರೆ ಪತ್ರಗಳು ಅದನ್ನು ತೋರಿಸುತ್ತವೆ. ಪೆದ್ದರ ಗದ್ದಲಕ್ಕೆ ಹೆದರಿ ಪ್ರಕಟಿಸದೆ ಇಟ್ಟುಕೊಂಡಿದ್ದ. ಹೀಗಿದ್ದೂ, ಇನ್ನೂ ಮೂವತ್ತಾಗದ ಹುಡುಗನಿಗೆ ಒಂದು ಸಾಲು ಬಹಿರಂಗವಾಗಿ ಬರೆದಿದ್ದರೆ ಅವನು ಕಳೆದುಕೊಳ್ಳುತ್ತಿದ್ದದ್ದು ಏನು? ಇತಿಹಾಸ ಬರೆಯುವವರು ತೀರ್ಪು ಕೊಡಬಾರದೆಂದು ನಮ್ಮ ವಿಭಾಗದಲ್ಲಿ ಹೇಳಿಕೊಡುತ್ತಾರೆ. ಈ ಒಂದು ವಿಷಯದಲ್ಲಿ ನನಗದು ಆಗಿಲ್ಲ.

ಯಾನೋಶ್ 1833ರಲ್ಲಿ ಸೇನೆಯಿಂದ ನಿವೃತ್ತನಾದ. ಅಪ್ಪನ ಜೊತೆ ಸಂಬಂಧ ಕೆಟ್ಟಿತು. ರಷ್ಯಾದ ಕಜಾನ್‌ನಲ್ಲಿ ಲೊಬಚೆವ್‌ಸ್ಕಿ ಎಂಬಾತ ಇದೇ ರೇಖಾಗಣಿತವನ್ನು 1829ರಿಂದಲೇ ಪ್ರಕಟಿಸುತ್ತಿದ್ದನೆಂದು ಅವನಿಗೆ ತಿಳಿದದ್ದು 1848ರಲ್ಲಿ. ಅಪ್ಪ ಹೇಳಿದ್ದ ನೇರಳೆ ಹೂ ನಿಜವಾಗಿಯೂ ಇನ್ನೊಂದು ಕಡೆ ಅರಳಿತ್ತು. ಯಾನೋಶ್ ಆ ಅನುಬಂಧದ ಆಚೆ ಮತ್ತೇನನ್ನೂ ಪ್ರಕಟಿಸಲಿಲ್ಲ. 1860ರಲ್ಲಿ ತೀರಿಕೊಂಡಾಗ ಸಾವಿರಾರು ಪುಟಗಳ ಹಸ್ತಪ್ರತಿ ಬಿಟ್ಟುಹೋದ. ಅವನದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಭಾವಚಿತ್ರವೂ ಉಳಿದಿಲ್ಲ.

ಇಷ್ಟು ಕೇಳಿಸಿಕೊಂಡ ಹುಡುಗಿ, “ಅಳತೆ ಮಾಡಿ ನೋಡಿದ್ರೆ ಆಯ್ತಲ್ಲ ಅಕ್ಕಾ?” ಎಂದಳು. ಸರಿಯಾದ ಪ್ರಶ್ನೆ. ಗೌಸ್ ಭೂಮಾಪನದ ಕೆಲಸದಲ್ಲಿ ಮೂರು ಬೆಟ್ಟದ ತುದಿಗಳ ನಡುವಿನ ತ್ರಿಭುಜದ ಕೋನಗಳನ್ನು ಅಳೆದಿದ್ದ. ಅದರ ಅತಿ ಉದ್ದದ ಬದಿ ನೂರು ಕಿಲೋಮೀಟರ್‌ಗೂ ಹೆಚ್ಚು. ಯೂಕ್ಲಿಡ್‌ನನ್ನು ಪರೀಕ್ಷಿಸಲೆಂದೇ ಅಳೆದನೋ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ಯೂಕ್ಲಿಡ್‌ನಿಂದ ದೂರ ಸರಿದದ್ದೇನೂ ಕಾಣಲಿಲ್ಲ, ಕಂಡ ವ್ಯತ್ಯಾಸ ಅಳತೆಯ ದೋಷದೊಳಗೇ ಇತ್ತು. ಅದಕ್ಕೂ ಮೊದಲು, ಟಿಪ್ಪು ಸತ್ತ ಮರುವರ್ಷ 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಅಡಿಗೆರೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದಿದ್ದ. ಮೈಸೂರು ಸೀಮೆಯ ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜ ಹೆಣೆಯುವ ಕೆಲಸಕ್ಕೆ ಅದು ಮೊದಲ ಗೆರೆ. ಮುಂದೆ ದೇಶದ ಉದ್ದಗಲಕ್ಕೆ ಹಬ್ಬಿದ ಆ ಮಹಾಮಾಪನದಲ್ಲಿ ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಹೆಚ್ಚೇ ಬರುತ್ತದೆ, ಬರಬೇಕು. ಬದಿಗೆ 50 ಕಿಲೋಮೀಟರ್ ಇರುವ ಸಮಬಾಹು ತ್ರಿಭುಜದಲ್ಲಿ ಸುಮಾರು ಐದೂವರೆ ಸೆಕೆಂಡು ಹೆಚ್ಚು. ಇದು ಯೂಕ್ಲಿಡ್‌ನ ಸೋಲಲ್ಲ. ಭೂಮಿ ಉರುಟಾಗಿದೆ, ಅದರ ಮೈಮೇಲೆ ಎಳೆದ ಗೆರೆ ಬಾಗಿರುತ್ತದೆ.

ಆದರೆ ಬಾಗಿದ ಮೈ ಎಂಬ ಆ ವಿಚಾರವೇ ಕೊನೆಗೆ ಜಗಳ ಬಗೆಹರಿಸಿತು. 1868ರಲ್ಲಿ ಇಟಲಿಯ ಬೆಲ್ಟ್ರಾಮಿ, ಚೆಂಡಿಗೆ ವಿರುದ್ಧವಾಗಿ, ಕುದುರೆಯ ಜೀನಿನಂತೆ ಒಂದು ಕಡೆ ಮೇಲಕ್ಕೂ ಇನ್ನೊಂದು ಕಡೆ ಕೆಳಕ್ಕೂ ಬಾಗಿದ ಮೈಯ ಮೇಲೆ ಬೋಯಾಯ್, ಲೊಬಚೆವ್‌ಸ್ಕಿಯರ ಪ್ರಮೇಯಗಳು ನಡೆಯುತ್ತವೆಂದು ತೋರಿಸಿದ. ಆ ಮೈಯನ್ನು ವರ್ಣಿಸುವುದು ಯೂಕ್ಲಿಡ್‌ನ ಗಣಿತದಿಂದಲೇ. ಹೊಸ ರೇಖಾಗಣಿತದಲ್ಲಿ ವಿರೋಧವಿದ್ದರೆ ಹಳೆಯದರಲ್ಲೂ ಇರಬೇಕಾಗುತ್ತದೆ. ಅಲ್ಲಿಗೆ ಉಳಿದ ನಾಲ್ಕು ಪ್ರತಿಜ್ಞೆಗಳಿಂದ ಐದನೆಯದನ್ನು ಸಾಧಿಸುವ ಆಸೆ ಮುಗಿಯಿತು. ಪ್ರೋಕ್ಲಸ್, ಖಯ್ಯಾಮ್, ಸಕೇರಿ ಎಲ್ಲರೂ ಹುಡುಕಿದ್ದು ಇಲ್ಲದ ವಸ್ತುವನ್ನು. 28 ಪ್ರಮೇಯಗಳವರೆಗೆ ಅದನ್ನು ಮುಟ್ಟದೆ, ಆಮೇಲೆ ‘ಇದನ್ನು ಕೊಡಿ’ ಎಂದು ಕೇಳಿ ಪಡೆದ ಯೂಕ್ಲಿಡ್ ಸರಿಯಾಗಿಯೇ ಇದ್ದ.

ಅಷ್ಟರಲ್ಲಿ ಕೆಳಗಿನಿಂದ ಅವಳಮ್ಮ ಊಟಕ್ಕೆ ಕೂಗಿದರು. ಹುಡುಗಿ ಪುಸ್ತಕ ಮುಚ್ಚಿ, ಕೋನಮಾಪಕವನ್ನು ಜಾಮಿಟ್ರಿ ಬಾಕ್ಸಿಗೆ ಹಾಕಿಕೊಂಡು ಎದ್ದಳು. ಮೆಟ್ಟಿಲ ಹತ್ತಿರ ಹೋಗಿ ತಿರುಗಿ ನಿಂತು ಕೇಳಿದಳು:

“ಅದಿರಲಿ ಅಕ್ಕಾ, ಪರೀಕ್ಷೇಲಿ ಏನಂತ ಬರೀಲಿ?”

“ಸ್ವಯಂಸಿದ್ಧ ಅಂತಲೇ ಬರಿ,” ಎಂದೆ.